ಬಿಳಿ ಗುಲಾಬಿಯ ಸೋಫಿ

ನಾವು ಶಿಕ್ಷಕ ತರಬೇತಿಗೆ ಸೇರಿದ ವರ್ಷ ಬಾಯಿಪಾಠ ಮಾಡಿದ ವಿದೇಶೀಯ ಹೆಸರುಗಳಲ್ಲಿ ಫ್ರೋಬೆಲ್ ಎಂಬುದೂ ಒಂದು. ಮಗುವೆಂದರೆ ಸಸಿ, ಶಾಲೆಯೆಂದರೆ ತೋಟ, ಶಿಕ್ಷಕನೆಂದರೆ ತೋಟಗಾರ ಎಂದು ಬಗೆದ ಆ ಜರ್ಮನ್ ಶಿಕ್ಷಣತಜ್ಞರು 1840ರಲ್ಲಿ ತಮ್ಮ ಶಿಶುಶಾಲೆಗೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಅಡಿಕೆ ತೋಟದ ಅಂಚಿನಲ್ಲಿ ಹುಟ್ಟಿ ಬೆಳೆದ ನಮಗೆ ಆ ಹೋಲಿಕೆ ಬಹಳ ಹಿಡಿಸಿತ್ತು. ಪರೀಕ್ಷೆಯಲ್ಲಿ ಅದನ್ನೇ ಎರಡು ಪುಟ ಬರೆದುಬಂದ ನೆನಪು ಇನ್ನೂ ಇದೆ. ಆದರೆ ಅದೇ ಫ್ರೋಬೆಲ್‌ರ ಹೆಸರು ಹೊತ್ತ ತರಬೇತಿ ಶಾಲೆಯಲ್ಲಿ ಕಲಿತು ಶಿಶುಶಿಕ್ಷಕಿಯಾದ ಹುಡುಗಿಯೊಬ್ಬಳನ್ನು, ಅವಳ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವಳ ದೇಶದ ಸರಕಾರವೇ ಶಿರಚ್ಛೇದ ಮಾಡಿತೆಂಬ ಸಂಗತಿ ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಬಹಳ ವರ್ಷಗಳ ತರುವಾಯ ಅದನ್ನು ಓದಿದೆವು. ಓದಿದ ಮೇಲೆ, ಮಗುವನ್ನು ಸಸಿಗೆ ಹೋಲಿಸುವುದು ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ಸಸಿಯನ್ನು ನಾವು ಬಗ್ಗಿಸಿದತ್ತ ಬಗ್ಗಿಸಬಹುದು. ಈ ಹುಡುಗಿ ಬಗ್ಗಿಸಿದತ್ತ ಮೊದಲು ಬಗ್ಗಿದಳು, ಆಮೇಲೆ ತಾನಾಗಿಯೇ ನೆಟ್ಟಗಾದಳು.

ಆಕೆಯ ಹೆಸರು ಸೋಫಿ ಶೋಲ್. ಜನನ 1921ರ ಮೇ 9ರಂದು, ದಕ್ಷಿಣ ಜರ್ಮನಿಯ ಫೋರ್ಖ್‌ಟೆನ್‌ಬೆರ್ಗ್ ಎಂಬ ಸಣ್ಣ ಊರಿನಲ್ಲಿ. ತಂದೆ ರಾಬರ್ಟ್ ಶೋಲ್ ಆ ಊರಿನ ಪುರಾಧ್ಯಕ್ಷರು. ತಾಯಿ ಮಗ್ದಲೇನಾ ವಿವಾಹಕ್ಕೆ ಮುಂಚೆ ರೋಗಿಗಳ ಶುಶ್ರೂಷೆಗೆ ಮುಡಿಪಾದ ಕ್ರೈಸ್ತ ಸೇವಾಸಂಘದಲ್ಲಿದ್ದವರು. ಇಂಗೆ, ಹಾನ್ಸ್, ಎಲಿಜಬೆತ್, ಸೋಫಿ, ವೆರ್ನರ್ ಎಂದು ಐವರು ಮಕ್ಕಳು ಮನೆತುಂಬ ಬೆಳೆದರು. 1932ರಲ್ಲಿ ಕುಟುಂಬ ಉಲ್ಮ್ ನಗರಕ್ಕೆ ಬಂದು ನೆಲೆಸಿತು. ಮರುವರ್ಷ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು.

ಇಲ್ಲಿ ವಾಚಕರು ಒಂದು ಮಾತನ್ನು ಗಮನಿಸಬೇಕು. ಸೋಫಿ ಹುಟ್ಟುವಾಗಲೇ ವೀರಕನ್ಯೆಯಾಗಿ ಹುಟ್ಟಿದವಳಲ್ಲ. 1934ರಲ್ಲಿ, ಹದಿಮೂರು ತುಂಬುವ ಮೊದಲೇ, ಅವಳು ಹಿಟ್ಲರನ ಬಾಲಿಕಾ ದಳವನ್ನು ಸಂತೋಷದಿಂದಲೇ ಸೇರಿದಳು. ಸಮವಸ್ತ್ರ, ಪಥಸಂಚಲನ, ಕಾಡಿನಲ್ಲಿ ಬಿಡಾರ, ರಾತ್ರಿ ಬೆಂಕಿಯ ಸುತ್ತ ಹಾಡು, ಇವೆಲ್ಲ ಆ ವಯಸ್ಸಿನ ಯಾವ ಮಗುವಿಗೆ ಬೇಡ? ಮುಂದೆ ಅವಳು ಕಿರಿಯ ಬಾಲಿಕೆಯರ ನಾಯಕಿಯೂ ಆದಳು. ಅಣ್ಣ ಹಾನ್ಸ್ ಬಾಲಕರ ದಳದಲ್ಲಿ ಮುಂದಾಳು. ಮನೆಯಲ್ಲಿ ತಂದೆಯೊಬ್ಬರೇ ಇದಕ್ಕೆ ವಿರೋಧ. ಈ ಹಿಟ್ಲರನು ಕೊಳಲೂದಿ ಮಕ್ಕಳನ್ನು ಹಿಂದೆ ಕರೆದೊಯ್ದ ಹ್ಯಾಮೆಲಿನ್ ಊರಿನ ಮಾಯಗಾರನಂಥವನು ಎಂದು ಅವರು ಮಕ್ಕಳಿಗೆ ಹೇಳುತ್ತಿದ್ದರಂತೆ. ಆ ಕಥೆ ನಮಗೆ ಹೊಸದಲ್ಲ. ಕುವೆಂಪು ಅವರ ಕಿಂದರಿಜೋಗಿಯನ್ನು ನಮ್ಮಲ್ಲಿ ಓದದ ಮಗುವುಂಟೇ? ಆದರೆ ಜೋಗಿಯ ಹಿಂದೆ ಓಡುತ್ತಿರುವ ಮಕ್ಕಳ ಕಿವಿಗೆ ಕಿಂದರಿಯ ನಾದ ಕೇಳಿಸುವುದೇ ಹೊರತು ತಂದೆಯ ಕೂಗು ಕೇಳಿಸುವುದಿಲ್ಲ. ಮೇಷ್ಟರ ಕೂಗಾದರೂ ಕೇಳಿಸಬಹುದಿತ್ತೇನೋ; ಆದರೆ ಅಲ್ಲಿನ ಶಿಕ್ಷಕರಲ್ಲಿ ಬಹುಪಾಲು ಜನ ಅಷ್ಟರಲ್ಲಿ ನಾತ್ಸಿ ಶಿಕ್ಷಕರ ಸಂಘದ ಸದಸ್ಯರಾಗಿಬಿಟ್ಟಿದ್ದರು. ಸಂಬಳ, ಸಂಸಾರ, ವರ್ಗಾವಣೆ, ಬಡ್ತಿ ಎಲ್ಲವೂ ಇರುವ ಮನುಷ್ಯರು ಹೇಗೆ ಸದ್ದಿಲ್ಲದೆ ಸಾಲಿನಲ್ಲಿ ನಿಲ್ಲುತ್ತಾರೆಂಬುದನ್ನು ಮೂವತ್ತು ವರ್ಷ ಈ ವೃತ್ತಿಯಲ್ಲಿರುವ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಮೊದಲ ಬಿರುಕು ಒಂದು ಸಣ್ಣ ಪ್ರಶ್ನೆಯಿಂದ ಬಂದಿತು. ಸೋಫಿಯ ತರಗತಿಯಲ್ಲಿ ಯೆಹೂದಿ ಹುಡುಗಿಯೊಬ್ಬಳಿದ್ದಳು. ಹೊಂಬಣ್ಣದ ಕೂದಲು, ನೀಲಿ ಕಣ್ಣು. ನಾತ್ಸಿಗಳು ಯಾವುದನ್ನು ಶುದ್ಧ ಆರ್ಯ ಲಕ್ಷಣವೆಂದು ಹಾಡಿ ಹೊಗಳುತ್ತಿದ್ದರೋ ಅದೇ ರೂಪ. ಅವಳಿಗೆ ದಳದಲ್ಲಿ ಪ್ರವೇಶವಿಲ್ಲ. ಸೋಫಿಯ ಕೂದಲೂ ಕಣ್ಣೂ ಕಪ್ಪು. ಅವಳಿಗೆ ಪ್ರವೇಶವುಂಟು, ನಾಯಕಿಯ ಸ್ಥಾನವೂ ಉಂಟು. ಇದೇಕೆ ಹೀಗೆ ಎಂದು ಅವಳು ಕೇಳಿದಳು, ಮತ್ತೆ ಮತ್ತೆ ಕೇಳಿದಳು. ಉತ್ತರ ಬರಲಿಲ್ಲ. ಇದನ್ನು ಮುಂದೆ ಗ್ರಂಥಸ್ಥ ಮಾಡಿದವಳು ಅಕ್ಕ ಇಂಗೆ.

ಈ ಭಾಗವನ್ನು ಓದುವಾಗ ನಮಗೆ ಸ್ವಂತದ ಒಂದು ನೆನಪು ಬಂದು ಪುಸ್ತಕ ಮುಚ್ಚಬೇಕಾಯಿತು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಿಂದ ಸಾಮೂಹಿಕ ನೃತ್ಯಕ್ಕೆ ಮಕ್ಕಳನ್ನು ಆರಿಸುವಾಗ, ಉಡುಪಿನ ಹಣ ತರದ ಬಾಲಕಿಯೊಬ್ಬಳನ್ನು ಬಿಟ್ಟು ಪಟ್ಟಿ ಮಾಡಿದ್ದೆವು. ಐದನೆಯ ತರಗತಿಯ ಇನ್ನೊಬ್ಬಳು ಕಚೇರಿಯ ಬಾಗಿಲಲ್ಲಿ ನಿಂತು, “ಸರ್, ನನಗಿಂತ ಅವಳೇ ಚೆನ್ನಾಗಿ ಕುಣಿಯುವುದಲ್ಲವಾ, ಮತ್ತೆ ಅವಳು ಯಾಕಿಲ್ಲ?” ಎಂದು ಕೇಳಿದಳು. ನಾವು ನಿಯಮ ಹೇಳಿ ಕಳುಹಿಸಿದೆವು. ಹಿಟ್ಲರನ ಜರ್ಮನಿಗೂ ಒಂದು ಹಳ್ಳಿಶಾಲೆಯ ನೃತ್ಯಕ್ಕೂ ಹೋಲಿಕೆಯೇ ಎಂದು ವಾಚಕರು ನಗಬಹುದು. ಹೋಲಿಕೆ ಇಲ್ಲ, ನಿಜ. ಆದರೆ ಆ ಎರಡು ಪ್ರಶ್ನೆಗಳು ಹುಟ್ಟಿದ ಜಾಗ ಒಂದೇ ಎಂದು ನಮಗೆ ತೋರುತ್ತದೆ.

ಹಾನ್ಸನಿಗೂ ಭ್ರಮನಿರಸನವಾಗುತ್ತ ಬಂದಿತು. ನ್ಯೂರೆಂಬರ್ಗಿನ ಪಕ್ಷ ಮಹಾಸಮ್ಮೇಳನಕ್ಕೆ ಧ್ವಜಧಾರಿಯಾಗಿ ಉಬ್ಬಿ ಹೋದವನು ಬತ್ತಿದ ಮುಖದಿಂದ ಮರಳಿದನು. ನಿಷೇಧಿತ ಯುವಕ ಕೂಟವೊಂದರ ಸಂಪರ್ಕವಿದೆಯೆಂಬ ಕಾರಣಕ್ಕೆ 1937ರ ಕೊನೆಯಲ್ಲಿ ಗೆಸ್ಟಾಪೊ ಎಂಬ ಗುಪ್ತ ಪೊಲೀಸು ಶೋಲ್ ಮಕ್ಕಳನ್ನು ಬಂಧಿಸಿತು. ಹದಿನಾರರ ಸೋಫಿಯನ್ನು ಬೇಗನೆ ಬಿಟ್ಟರು. ಇತರರಿಗೆ ಕೆಲಕಾಲ ಸೆರೆ. ಅಂದಿನಿಂದ ಆ ಮನೆಯ ಊಟದ ಮೇಜಿನಲ್ಲಿ ತಂದೆಯೂ ಮಕ್ಕಳೂ ಒಂದೇ ಕಡೆಗಾದರು.

1939ರಲ್ಲಿ ಯುದ್ಧ ಆರಂಭವಾಯಿತು. ಸೋಫಿಯ ಪ್ರಿಯಕರ ಫ್ರಿಟ್ಸ್ ಹಾರ್ಟ್‌ನಾಗೆಲ್ ಸೈನ್ಯಾಧಿಕಾರಿ. ಅವನಿಗೆ ಅವಳು ಬರೆದ ಪತ್ರಗಳು ಉಳಿದುಬಂದಿವೆ. ಅವುಗಳಲ್ಲಿ ಪ್ರೇಮವೂ ಇದೆ, ತಕರಾರೂ ಇದೆ. 1940ರಲ್ಲಿ ಪ್ರೌಢಶಿಕ್ಷಣ ಮುಗಿಸಿ ಆಕೆ ಉಲ್ಮ್‌ನ ಫ್ರೋಬೆಲ್ ತರಬೇತಿ ಶಾಲೆ ಸೇರಿದಳು. ಮಕ್ಕಳ ಮೇಲಿನ ಪ್ರೀತಿ ಒಂದು ಕಾರಣ; ಶಿಶುಶಿಕ್ಷಕಿಯಾದರೆ ಸರಕಾರದ ಕಡ್ಡಾಯ ಶ್ರಮಸೇವೆಯಿಂದ ವಿನಾಯಿತಿ ದೊರೆತೀತೆಂಬ ಆಸೆ ಇನ್ನೊಂದು ಕಾರಣ. ವಿನಾಯಿತಿ ದೊರೆಯಲಿಲ್ಲ. 1941ರ ವಸಂತದಿಂದ ಶ್ರಮಸೇವೆಯ ಶಿಬಿರ, ಅದು ಮುಗಿಯುತ್ತಲೇ ಬ್ಲೂಂಬೆರ್ಗ್ ಎಂಬ ಊರಿನ ಶಿಶುವಿಹಾರದಲ್ಲಿ ಇನ್ನಾರು ತಿಂಗಳ ಯುದ್ಧಸೇವೆ. ನಮ್ಮ ವೃತ್ತಿಬಾಂಧವಳಾಗಿ ಆಕೆ ಕೆಲಸ ಮಾಡಿದ್ದು ಅಷ್ಟೇ ಕಾಲ.

ಇದೇ ಕಾಲದಲ್ಲಿ ಮಕ್ಕಳ ವಿಷಯವಾಗಿಯೇ ಒಂದು ಸುದ್ದಿ ಮನೆಗೆ ಬಂದಿತು. ತಾಯಿಯ ಹಳೆಯ ಸಂಗಾತಿಯಾದ ಸೇವಾಭಗಿನಿಯೊಬ್ಬರು ಅದನ್ನು ಹೇಳಿದರೆಂದು ಇಂಗೆ ಬರೆದಿದ್ದಾಳೆ. ಬುದ್ಧಿಮಾಂದ್ಯ ಮಕ್ಕಳ ಆಶ್ರಮಕ್ಕೆ ಕಪ್ಪು ವಾಹನಗಳು ಬಂದು ಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದವು, ಹೋದವರು ಮರಳುತ್ತಿರಲಿಲ್ಲ. ಉಳಿದ ಮಕ್ಕಳು, ಗಾಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಏನು ಹೇಳಬೇಕೆಂದು ತೋಚದ ಭಗಿನಿಯರು, ಸ್ವರ್ಗಕ್ಕೆ ಎಂದರು. ಅಂದಿನಿಂದ ಮಕ್ಕಳು ಹಾಡುತ್ತ ಹಾಡುತ್ತ ಗಾಡಿ ಹತ್ತಿದರು. ಇದು ಕಟ್ಟುಕಥೆಯಲ್ಲ. 1940 ಮತ್ತು 1941ರಲ್ಲಿ ಮನೋರೋಗಿಗಳು, ಅಂಗವಿಕಲರು, ಬುದ್ಧಿಮಾಂದ್ಯರು ಸೇರಿ ಸುಮಾರು 70,000 ಜನರನ್ನು ನಾತ್ಸಿ ಸರಕಾರ ವಿಷಾನಿಲದಿಂದ ಕೊಂದಿತು. ಅವರ ಸೀಮೆಗೇ ಸೇರಿದ ಗ್ರಾಫೆನೆಕ್ ಎಂಬಲ್ಲಿ 10,000ಕ್ಕೂ ಹೆಚ್ಚು ಜನ ಹತರಾದರು. ತಿನ್ನುವ ಬಾಯಿಗಳೇ ಹೊರತು ದುಡಿಯುವ ಕೈಗಳಲ್ಲ ಎಂಬುದು ಸರಕಾರದ ಲೆಕ್ಕಾಚಾರ. 1941ರ ಆಗಸ್ಟಿನಲ್ಲಿ ಮ್ಯೂನ್‌ಸ್ಟರಿನ ಬಿಷಪ್ ಫಾನ್ ಗಾಲೆನ್ ಅವರು ಇದನ್ನು ಕೊಲೆಯೆಂದು ಬಹಿರಂಗವಾಗಿ ಖಂಡಿಸಿದರು. ಆ ಪ್ರವಚನದ ಪ್ರತಿಯನ್ನು ಯಾರೋ ಶೋಲ್ ಮನೆಯ ಅಂಚೆಪೆಟ್ಟಿಗೆಯಲ್ಲಿ ಹಾಕಿಹೋದರು. ಅಚ್ಚು ಮಾಡಿದ ನಾಲ್ಕು ಮಾತಿಗೆ ಎಷ್ಟು ಬಲವಿದೆಯೆಂಬುದು ಹಾನ್ಸನಿಗೆ ಮನವರಿಕೆಯಾದದ್ದು ಅಂದೇ.

ಸೋಫಿಯ ಕರುಣೆ ಮೃದುವಾದ ಕರುಣೆಯಾಗಿರಲಿಲ್ಲ. ರಷ್ಯದ ಮೊದಲ ಚಳಿಗಾಲದಲ್ಲಿ ಜರ್ಮನ್ ಸೈನಿಕರು ಹಿಮದಲ್ಲಿ ಸೆಟೆದು ಸಾಯುತ್ತಿದ್ದಾಗ ಅವರಿಗಾಗಿ ಮನೆಮನೆಯಿಂದ ಉಣ್ಣೆಯ ಬಟ್ಟೆ ಸಂಗ್ರಹಿಸಲು ಸರಕಾರ ಕರೆಕೊಟ್ಟಿತು. ನಾವು ಏನನ್ನೂ ಕೊಡುವುದಿಲ್ಲ ಎಂದಳು ಸೋಫಿ. ಸೈನಿಕನಾದ ಫ್ರಿಟ್ಸನಿಗೆ ಆಘಾತವಾಯಿತು; ಅಲ್ಲಿರುವವರು ಅವನ ಸಂಗಾತಿಗಳು. ಜರ್ಮನ್ ಸೈನಿಕ ಚಳಿಯಿಂದ ಸತ್ತರೂ ರಷ್ಯನ್ ಸೈನಿಕ ಸತ್ತರೂ ದುಃಖ ಒಂದೇ. ಆದರೆ ಈ ಯುದ್ಧವನ್ನು ನಾವು ಸೋಲಲೇಬೇಕು, ಬಟ್ಟೆ ಕೊಟ್ಟರೆ ಯುದ್ಧವನ್ನು ಬೆಳೆಸಿದಂತೆ ಎಂಬುದು ಅವಳ ವಾದ. ಅವನು ದೀರ್ಘಕಾಲ ಜಗಳವಾಡಿ ಕೊನೆಗೆ ಒಪ್ಪಿಕೊಂಡನೆಂದು ಹೇಳಿದ್ದಾನೆ. ನಮಗೆ ಇಂದಿಗೂ ಅಷ್ಟು ಸುಲಭವಾಗಿ ಒಪ್ಪಲಾಗುವುದಿಲ್ಲ. ಚಳಿಯಲ್ಲಿ ನಡುಗುವ ಹತ್ತೊಂಬತ್ತರ ಸಿಪಾಯಿ ಯಾವ ರಾಜಕೀಯವನ್ನು ಬಲ್ಲ? ಆದರೆ ಇಪ್ಪತ್ತರ ಹುಡುಗಿಯೊಬ್ಬಳು ತನ್ನ ಪ್ರಿಯಕರನ ಮುಖ ನೋಡಿಕೊಂಡೇ ಹಾಗೆ ಹೇಳಬೇಕಾದರೆ ಅವಳಿಗೆ ಎಷ್ಟು ನೋವಾಗಿರಬೇಕು ಎಂಬುದನ್ನೂ ಮರೆಯಲಾಗುವುದಿಲ್ಲ.

1942ರ ಮೇ ತಿಂಗಳಲ್ಲಿ ಆಕೆ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಮತ್ತು ತತ್ತ್ವಶಾಸ್ತ್ರದ ವ್ಯಾಸಂಗಕ್ಕೆ ಸೇರಿದಳು. ಹಾನ್ಸ್ ಅಲ್ಲಿಯೇ ವೈದ್ಯ ವಿದ್ಯಾರ್ಥಿ. ಜೂನ್, ಜುಲೈ ತಿಂಗಳುಗಳಲ್ಲಿ ‘ಬಿಳಿ ಗುಲಾಬಿ’ ಎಂಬ ಶೀರ್ಷಿಕೆಯ ನಾಲ್ಕು ಕರಪತ್ರಗಳು ಮ್ಯೂನಿಕ್ಕಿನ ಕೆಲವರ ಕೈಗೆ ಅಂಚೆಯಲ್ಲಿ ಬಂದವು. ಒಂದೊಂದರದೂ ನೂರರಷ್ಟೇ ಪ್ರತಿ. ಬರೆದವರು ಹಾನ್ಸ್ ಮತ್ತು ಅವನ ಸಹಪಾಠಿ ಅಲೆಕ್ಸಾಂಡರ್ ಶ್ಮೋರೆಲ್. ಪೋಲೆಂಡಿನಲ್ಲಿ ಮೂರು ಲಕ್ಷ ಯೆಹೂದಿಗಳ ಕೊಲೆಯಾಗಿದೆಯೆಂದು ಎರಡನೆಯ ಪತ್ರವು ಜರ್ಮನಿಯ ಒಳಗಿನಿಂದಲೇ ಸಾರಿತು. ಸೋಫಿಗೆ ಇದು ಯಾವಾಗ ತಿಳಿಯಿತೆಂಬುದರಲ್ಲಿ ಬರೆದವರಿಗೆ ಏಕಾಭಿಪ್ರಾಯವಿಲ್ಲ.

ಆ ಬೇಸಗೆಯಲ್ಲಿ ತಂದೆಗೆ ನಾಲ್ಕು ತಿಂಗಳ ಸಜೆಯಾಯಿತು. ಹಿಟ್ಲರನನ್ನು ದೇವರು ಬೀಸಿದ ಚಾವಟಿಯೆಂದು ಅವರು ಕಚೇರಿಯಲ್ಲಿ ಆಡಿದ ಮಾತನ್ನು ಅಲ್ಲಿಯ ನೌಕರಳೇ ಪೊಲೀಸರಿಗೆ ಮುಟ್ಟಿಸಿದ್ದಳು. ಸಂಜೆಯ ಹೊತ್ತು ಸೋಫಿ ಸೆರೆಮನೆಯ ಗೋಡೆಯ ಹೊರಗೆ ನಿಂತು, ವಿಚಾರಗಳಿಗೆ ಬೇಡಿಯಿಲ್ಲ ಎಂಬ ಅರ್ಥದ ಹಳೆಯ ಜಾನಪದ ಗೀತೆಯನ್ನು ತಂದೆಗಾಗಿ ಕೊಳಲಿನಲ್ಲಿ ನುಡಿಸುತ್ತಿದ್ದಳಂತೆ. ಅದೇ ರಜೆಯಲ್ಲಿ ಆಕೆ ಉಲ್ಮ್‌ನ ಯುದ್ಧಸಾಮಗ್ರಿ ಕಾರ್ಖಾನೆಯಲ್ಲಿ ಕಡ್ಡಾಯವಾಗಿ ದುಡಿಯಬೇಕಾಯಿತು. ಪಕ್ಕದ ಯಂತ್ರಗಳಲ್ಲಿ ರಷ್ಯದಿಂದ ಹಿಡಿದುತಂದ ಹೆಂಗಸರು ದುಡಿಯುತ್ತಿದ್ದರು. ಶತ್ರುಗಳೆಂದು ಶಾಲೆಯಲ್ಲಿ ಕಲಿಸಿದವರನ್ನು ಆಕೆ ಮೊಣಕೈಯಳತೆಯ ದೂರದಲ್ಲಿ ಕಂಡಳು.

ಆ ಮೇಲಿನದು ಮಾತಿನ ಕಾಲವಲ್ಲ, ಕೆಲಸದ ಕಾಲ. ಹಾನ್ಸ್, ಶ್ಮೋರೆಲ್, ವಿಲ್ಲಿ ಗ್ರಾಫ್ ಮೂವರೂ ರಷ್ಯದ ರಣರಂಗದಲ್ಲಿ ಕೆಲವು ತಿಂಗಳು ಸೇವೆಸಲ್ಲಿಸಿ ನವೆಂಬರಿನಲ್ಲಿ ಮರಳಿದರು. 1943ರ ಜನವರಿಯಲ್ಲಿ ಐದನೆಯ ಪತ್ರ ಸಾವಿರಾರು ಪ್ರತಿಗಳಲ್ಲಿ ಸಿದ್ಧವಾಯಿತು. ಕಾಗದ, ಲಕೋಟೆ, ಅಂಚೆಚೀಟಿಗಳನ್ನು ಕೂಡಿಸುವುದು ಸೋಫಿಯ ಪಾಲಿನ ಕೆಲಸಗಳಲ್ಲೊಂದು. ಯುದ್ಧಕಾಲದಲ್ಲಿ ಒಬ್ಬಳೇ ಹುಡುಗಿ ಒಂದೇ ಅಂಚೆಕಚೇರಿಯಲ್ಲಿ ನೂರು ಚೀಟಿ ಕೇಳಿದರೆ ಸಂಶಯ ಬರುವುದು. ಆದ್ದರಿಂದ ಊರೆಲ್ಲ ಸುತ್ತಿ ಅಲ್ಲಷ್ಟು ಇಲ್ಲಷ್ಟು ಕೊಳ್ಳಬೇಕು. ಹಣದ ಲೆಕ್ಕವೂ ಅವಳದೇ. ಪತ್ರಗಳು ಒಂದೇ ಊರಿನಿಂದ ಹೊರಡುತ್ತಿವೆಯೆಂದು ತಿಳಿಯಬಾರದೆಂದು ಪೆಟ್ಟಿಗೆ ತುಂಬಿಕೊಂಡು ರೈಲಿನಲ್ಲಿ ಔಗ್ಸ್‌ಬುರ್ಗ್, ಉಲ್ಮ್, ಸ್ಟುಟ್‌ಗಾರ್ಟ್‌ಗಳಿಗೆ ಹೋಗಿ ಅಂಚೆಗೆ ಹಾಕಿದಳು. ಪೊಲೀಸರು ಪ್ರಯಾಣಿಕರ ಸಾಮಾನು ಶೋಧಿಸುತ್ತಿದ್ದ ದಿನಗಳವು. ಉಲ್ಮ್‌ನಲ್ಲಿ ಪ್ರೌಢಶಾಲೆಯ ಹುಡುಗರು ಚರ್ಚಿನ ಆರ್ಗನ್ ವಾದ್ಯದ ಹಿಂದೆ ಅಡಗಿ ಕುಳಿತು ಲಕೋಟೆಗಳ ಮೇಲೆ ವಿಳಾಸ ಬರೆದರು. ಧೈರ್ಯವೆಂದರೆ ಗರ್ಜನೆಯೆಂದು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಇಲ್ಲಿ ಅದು ಅಂಚೆಚೀಟಿ ನೆಕ್ಕಿ ಅಂಟಿಸುವ ಕೆಲಸವಾಗಿತ್ತು.

ಫೆಬ್ರವರಿ ಆರಂಭದಲ್ಲಿ ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನ್ ಸೈನ್ಯ ಶರಣಾಯಿತು. ಫ್ರಿಟ್ಸ್ ಅಲ್ಲಿಯೇ ಇದ್ದವನು. ಹಿಮಗಡಿತದಿಂದ ಬೆರಳುಗಳನ್ನು ಕಳೆದುಕೊಂಡು ಕೊನೆಯ ವಿಮಾನಗಳೊಂದರಲ್ಲಿ ಪಾರಾಗಿದ್ದನು. ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಕುರ್ಟ್ ಹೂಬರ್ ಅವರು ಆರನೆಯ ಪತ್ರವನ್ನು ಬರೆದರು. ಅದು ವಿದ್ಯಾರ್ಥಿಗಳನ್ನು ಉದ್ದೇಶಿಸಿದ್ದು.

ಫೆಬ್ರವರಿ 18, ಗುರುವಾರ. ಅಣ್ಣ ತಂಗಿಯರು ಪೆಟ್ಟಿಗೆ ಹಿಡಿದು ವಿಶ್ವವಿದ್ಯಾಲಯಕ್ಕೆ ಬಂದರು. ತರಗತಿಗಳು ನಡೆಯುತ್ತಿದ್ದುದರಿಂದ ಪಡಸಾಲೆಗಳು ಬರಿದಾಗಿದ್ದವು. ಬಾಗಿಲ ಮುಂದೆಲ್ಲ ಕಟ್ಟುಕಟ್ಟಾಗಿ ಪತ್ರಗಳನ್ನಿಟ್ಟರು. ಕೊನೆಯಲ್ಲಿ, ಮಹಡಿಯ ಕಟಾಂಜನದ ಮೇಲಿದ್ದ ಒಂದು ಕಟ್ಟನ್ನು ಸೋಫಿ ಕೈಯಿಂದ ತಳ್ಳಿಬಿಟ್ಟಳು. ಹಾಳೆಗಳು ಕೆಳಗಿನ ಹಜಾರಕ್ಕೆ ತರಗೆಲೆಗಳಂತೆ ಉದುರಿದವು. ಕಟ್ಟಡದ ಪಾರುಪತ್ಯಗಾರನೊಬ್ಬನು ಅದನ್ನು ಕಂಡು, ಓಡಿಬಂದು ಇಬ್ಬರನ್ನೂ ಹಿಡಿದನು. ನಾಲ್ಕು ದಿನಗಳ ಮೇಲೆ ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಭೆಯಲ್ಲಿ ಅವನಿಗೆ ಜಯಕಾರ ದೊರೆಯಿತೆಂಬುದನ್ನು ಬರೆಯಲು ಮನಸ್ಸಾಗುವುದಿಲ್ಲ, ಆದರೂ ಬರೆಯಬೇಕು.

ವಿಚಾರಣೆಯಲ್ಲಿ ಮೊದಲು ಆಕೆ ಏನನ್ನೂ ಅರಿಯದವಳಂತೆ ಗಂಟೆಗಟ್ಟಲೆ ಶಾಂತವಾಗಿ ಸುಳ್ಳು ಹೇಳಿದಳು. ಅಧಿಕಾರಿ ರಾಬರ್ಟ್ ಮೋರ್ ನಂಬಿಬಿಡುವಷ್ಟು ಚೆನ್ನಾಗಿ. ಕೋಣೆಯ ಶೋಧದಲ್ಲಿ ಅಂಚೆಚೀಟಿಗಳ ರಾಶಿ ಸಿಕ್ಕಿ, ಅಣ್ಣ ಒಪ್ಪಿಕೊಂಡನೆಂದು ತಿಳಿದ ಮೇಲೆ ತಾನೂ ಒಪ್ಪಿಕೊಂಡಳು. ಆಗ ಅವಳ ಗುರಿ ಬೇರೆಯಾಯಿತು: ಹೊಣೆಯನ್ನೆಲ್ಲ ತಮ್ಮಿಬ್ಬರ ಮೇಲೆಯೇ ಎಳೆದುಕೊಂಡು ಉಳಿದ ಗೆಳೆಯರನ್ನು ಬಿಡಿಸುವುದು. ಅಣ್ಣನ ಮಾತು ಕೇಳಿ ಹೀಗೆ ಮಾಡಿದೆ ಎಂದು ಹೇಳಿ ಪಾರಾಗುವ ದಾರಿಯನ್ನು ಮೋರ್ ತೆರೆದು ತೋರಿಸಿದನಂತೆ. ಆಕೆ ಅತ್ತ ಹೋಗಲಿಲ್ಲ. ತನ್ನ ಜನಕ್ಕೆ ಒಳಿತಾದುದನ್ನೇ ಮಾಡಿದ್ದೇನೆ, ಪರಿಣಾಮವನ್ನು ಅನುಭವಿಸಲು ಸಿದ್ಧಳಿದ್ದೇನೆ ಎಂಬರ್ಥದ ಹೇಳಿಕೆಗೆ ಸಹಿ ಹಾಕಿದಳು. ಈ ವಿಚಾರಣೆಯ ಕಾಗದಗಳು ಪೂರ್ವ ಜರ್ಮನಿಯ ದಫ್ತರಗಳಲ್ಲಿ ಹುದುಗಿದ್ದು 1990ರ ನಂತರವೇ ಸಂಶೋಧಕರ ಕೈಗೆ ಬಂದವು.

ಗೆಳೆಯರನ್ನು ಬಿಡಿಸಲಾಗಲಿಲ್ಲ. ಕ್ರಿಸ್ಟೋಫ್ ಪ್ರೋಬ್ಸ್ಟ್ ಬರೆದಿದ್ದ ಕರಡೊಂದು ಹಾನ್ಸನ ಜೇಬಿನಲ್ಲಿ ಸಿಕ್ಕಿತ್ತು. ಪ್ರೋಬ್ಸ್ಟನಿಗೆ ಇಪ್ಪತ್ತಮೂರು ವರ್ಷ, ಮೂವರು ಮಕ್ಕಳು, ಮೂರನೆಯದು ಹುಟ್ಟಿ ಕೆಲವೇ ವಾರ. ಅವನೂ ಸಿಕ್ಕಿಬಿದ್ದನೆಂದು ಕೇಳಿದಾಗ ಸೋಫಿಯ ಧೈರ್ಯ ಕದಡಿತು ಎಂದು ಅದೇ ಕೊಠಡಿಯಲ್ಲಿದ್ದ ರಾಜಕೀಯ ಕೈದಿ ಎಲ್ಸೆ ಗೇಬೆಲ್ ಬರೆದಿದ್ದಾರೆ.

ಕೊನೆಯ ಬೆಳಿಗ್ಗೆ ಕಂಡ ಕನಸನ್ನು ಸೋಫಿ ಹೇಳಿದ್ದೂ ಇದೇ ಎಲ್ಸೆಗೆ. ಬೆಳಕು ತುಂಬಿದ ದಿನ; ಬಿಳಿಯ ಅಂಗಿ ತೊಟ್ಟ ಮಗುವನ್ನು ದೀಕ್ಷಾಸ್ನಾನಕ್ಕಾಗಿ ಎತ್ತಿಕೊಂಡು ಆಕೆ ಗುಡ್ಡದ ದಾರಿಯಲ್ಲಿ ಏರುತ್ತಿದ್ದಾಳೆ; ಹಠಾತ್ತನೆ ಕಾಲಕೆಳಗೆ ಹಿಮದ ನೆಲ ಬಿರಿಯುತ್ತದೆ; ಮಗುವನ್ನು ಆಚೆಯ ದಡದಲ್ಲಿ ಇಡುವಷ್ಟು ಸಮಯ ಸಿಗುತ್ತದೆ, ತಾನು ಬೀಳುತ್ತಾಳೆ. ಮಗುವೆಂದರೆ ನಮ್ಮ ವಿಚಾರ ಎಂದು ಆಕೆಯೇ ಅರ್ಥ ಹೇಳಿದಳಂತೆ. ಆ ಅರ್ಥ ಇರಲಿ. ಬ್ಲೂಂಬೆರ್ಗಿನ ಶಿಶುವಿಹಾರದ ಮಕ್ಕಳನ್ನು ಎತ್ತಿ ಆಡಿಸಿದ ಕೈಗಳಿಗೆ ಆ ಕನಸು ಬಿದ್ದದ್ದು ನಮಗೆ ಆಶ್ಚರ್ಯವೆನಿಸುವುದಿಲ್ಲ.

ಫೆಬ್ರವರಿ 22ರಂದು, ಬರ್ಲಿನ್ನಿನಿಂದ ಬಂದ ನ್ಯಾಯಾಧೀಶ ರೋಲಾಂಡ್ ಫ್ರೈಸ್ಲರ್ ಕೆಲವೇ ಗಂಟೆಗಳಲ್ಲಿ ಮೂವರಿಗೂ ಮರಣದಂಡನೆ ವಿಧಿಸಿದನು. ನಾವು ಬರೆದದ್ದನ್ನೇ ಅನೇಕರು ಯೋಚಿಸುತ್ತಿದ್ದಾರೆ, ಬಾಯಿಬಿಡಲು ಅಂಜುತ್ತಾರೆ, ಅಷ್ಟೇ ಎಂದು ಆಕೆ ಅವನ ಮುಖಕ್ಕೆ ಹೇಳಿದಳೆಂದು ಪ್ರತೀತಿ. ಮಕ್ಕಳ ಪರವಾಗಿ ಮಾತಾಡಲು ಯತ್ನಿಸಿದ ತಂದೆಯನ್ನು ಹೊರಹಾಕಲಾಯಿತು. ಸೆರೆಮನೆಯಲ್ಲಿ ತಂದೆತಾಯಿಗೆ ಒಂದು ಭೇಟಿ ದೊರೆಯಿತು. ತಾಯಿ ತಂದಿದ್ದ ಮಿಠಾಯಿಯನ್ನು ಹಾನ್ಸ್ ಬೇಡವೆಂದಿದ್ದನು. ಸೋಫಿ, ಮಧ್ಯಾಹ್ನ ಊಟವೇ ಆಗಿಲ್ಲ ಎನ್ನುತ್ತ ನಗುತ್ತ ತೆಗೆದುಕೊಂಡಳು. ಅದೇ ಸಂಜೆ ಐದರ ಹೊತ್ತಿಗೆ ಗಿಲೊಟಿನ್ ಯಂತ್ರಕ್ಕೆ ಮೊದಲು ಆಕೆಯನ್ನು ಕರೆದೊಯ್ದರು, ಆಮೇಲೆ ಇನ್ನಿಬ್ಬರನ್ನು. ಆಕೆಗೆ ಕೊಟ್ಟಿದ್ದ ಆರೋಪಪತ್ರದ ಹಿಂಬದಿಯಲ್ಲಿ ‘ಸ್ವಾತಂತ್ರ್ಯ’ ಎಂಬ ಒಂದೇ ಪದ ಅವಳ ಕೈಬರಹದಲ್ಲಿತ್ತು.

ಹೂಬರ್ ಮತ್ತು ಶ್ಮೋರೆಲ್ ಅವರನ್ನು ಜುಲೈ 13ರಂದು, ಗ್ರಾಫನನ್ನು ಅಕ್ಟೋಬರ್ 12ರಂದು ಕೊಂದರು. ಶೋಲ್ ಕುಟುಂಬವನ್ನೇ ಸೆರೆಗೆ ಹಾಕಿದರು. ಕಿರಿಯ ಮಗ ವೆರ್ನರ್ 1944ರಲ್ಲಿ ರಷ್ಯದ ರಣರಂಗದಲ್ಲಿ ಕಾಣೆಯಾದನು. ಆರನೆಯ ಪತ್ರದ ಪ್ರತಿಯೊಂದು ಗುಟ್ಟಾಗಿ ಇಂಗ್ಲೆಂಡನ್ನು ಸೇರಿತು. 1943ರ ಬೇಸಗೆಯಲ್ಲಿ ಬ್ರಿಟಿಷ್ ವಿಮಾನಗಳು ಅದರ ಲಕ್ಷಗಟ್ಟಲೆ ಪ್ರತಿಗಳನ್ನು ಜರ್ಮನಿಯ ಮೇಲೆ ಚೆಲ್ಲಿದವು. ಯುದ್ಧ ಮುಗಿದಾಗ ರಾಬರ್ಟ್ ಶೋಲ್ ಅವರು ಉಲ್ಮ್ ನಗರದ ಮೇಯರ್ ಆದರು. ಫ್ರಿಟ್ಸ್ ಹಾರ್ಟ್‌ನಾಗೆಲ್ ಸೋಫಿಯ ಅಕ್ಕ ಎಲಿಜಬೆತ್‌ಳನ್ನು ಮದುವೆಯಾಗಿ, ಮುಂದೆ ನ್ಯಾಯಾಧೀಶನಾಗಿ ಬಾಳಿದನು. ನೂರು ವರ್ಷ ತುಂಬಿದ ಮರುದಿನ, 2020ರ ಫೆಬ್ರವರಿಯಲ್ಲಿ ಎಲಿಜಬೆತ್ ತೀರಿಕೊಂಡರು.

ನಮ್ಮ ಏಳನೆಯ ತರಗತಿಯ ಮಕ್ಕಳಿಗೆ ಒಂದು ಮಳೆಗಾಲದ ಮಧ್ಯಾಹ್ನ ಈ ಕಥೆಯನ್ನು ಹೇಳಿದೆವು. ಹೆಂಚಿನ ಮೇಲೆ ಮಳೆ ಹೊಡೆಯುತ್ತಿದ್ದುದರಿಂದ ಗಂಟಲೆತ್ತಿ ಹೇಳಬೇಕಾಯಿತು. ಮುಗಿಸಿದಾಗ ಹುಡುಗರು ಗಿಲೊಟಿನ್ ಹೇಗಿರುತ್ತದೆಂದು ಕೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, “ಸರ್, ಕೆಳಗೆ ಬಿದ್ದ ಆ ಕಾಗದಗಳನ್ನು ಯಾರಾದರೂ ಓದಿದರಾ?” ಎಂದಳು. ಬಹುಪಾಲನ್ನು ಪೊಲೀಸರು ಹೆಕ್ಕಿಸಿಕೊಂಡರು ಎಂದು ಉತ್ತರಿಸಿದೆವು. ಆಮೇಲೆ, ಇಂದು ಮ್ಯೂನಿಕ್ ವಿಶ್ವವಿದ್ಯಾಲಯದ ಮುಂದಿನ ಚೌಕಕ್ಕೆ ಆ ಅಣ್ಣ ತಂಗಿಯರ ಹೆಸರಿದೆಯೆಂದೂ, ಅಲ್ಲಿಯ ಕಲ್ಲುಹಾಸಿನಲ್ಲಿ ಆ ಕರಪತ್ರಗಳನ್ನು ಚೆದುರಿ ಬಿದ್ದ ಹಾಳೆಗಳಂತೆಯೇ ನೆಲಕ್ಕೆ ಕೂಡಿಸಿದ್ದಾರೆಂದೂ ಹೇಳಿ, ಪತ್ರಿಕೆಯೊಂದರಲ್ಲಿದ್ದ ಚಿತ್ರವನ್ನು ತೋರಿಸಿದೆವು. ಅವಳು ಬಹಳ ಹೊತ್ತು ಅದನ್ನು ನೋಡಿದಳು. “ಮಳೆಗೆ ಒದ್ದೆಯಾದರೂ ಹಾರಿಹೋಗುವುದಿಲ್ಲ ಅಲ್ಲವಾ ಸರ್” ಎಂದು ಚಿತ್ರವನ್ನು ಹಿಂದಿರುಗಿಸಿದಳು. ಅಷ್ಟರಲ್ಲಿ ಗಂಟೆ ಬಾರಿಸಿತು.